ಒಂದೇ ಸೆಲ್, ಒಂದೇ ಔಷಧಿ, ಆದ್ರೆ ಮೆತ್ತನೆ ಜೆಲ್ ಮೇಲೆ ಒಂಥರಾ ಪ್ಲಾಸ್ಟಿಕ್ ಮೇಲೆ ಇನ್ನೊಂಥರಾ, ಯಾವ ಲೆಕ್ಕ ನಂಬೋದು?

ಮಲೆನಾಡಹುಡುಗಿ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾನು ಬಯೋಟೆಕ್ ಎಂಎಸ್ಸಿ ಕೊನೇ ಸೆಮಿಸ್ಟರ್, ಪ್ರಾಜೆಕ್ಟ್ ಶುರುವಾಗಿ ನಾಲ್ಕು ತಿಂಗಳಾಯ್ತು. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಪ್ಲೀಸ್.

ಎಂಡಿಎ-ಎಂಬಿ-231 ಅಂತ ಸ್ತನ ಕ್ಯಾನ್ಸರ್ ಸೆಲ್‌ಗಳನ್ನ ಮೂರು ಕಡೆ ಬೆಳೆಸ್ತಾ ಇದೀನಿ. ಒಂದು ಮಾಮೂಲಿ ಪ್ಲಾಸ್ಟಿಕ್ ಪ್ಲೇಟು, ಇನ್ನೆರಡು ಪಾಲಿಅಕ್ರಿಲಮೈಡ್ ಜೆಲ್, ಗಡಸುತನ ಒಂದರದ್ದು ಸುಮಾರು 1 ಕಿಲೋಪಾಸ್ಕಲ್ ಇನ್ನೊಂದರದ್ದು 20. ಮೆತ್ತನೆದು ಹೇಗಿದೆ ಅಂದ್ರೆ ಕವರ್‌ಸ್ಲಿಪ್ ತಟ್ಟಿದ್ರೆ ಗಿಣ್ಣಿನ ಥರ ಅದುರುತ್ತೆ. ಎರಡರ ಮೇಲೂ ಕೊಲಾಜೆನ್ ಒಂದೇ ಪ್ರಮಾಣದಲ್ಲಿ ಹಚ್ಚಿದೀನಿ. ಆಮೇಲೆ ಎರಡು ವಸ್ತು ಕೊಡ್ತೀನಿ, ಒಂದು ಡಾಕ್ಸೊರುಬಿಸಿನ್ ಅನ್ನೋ ಕೆಂಪು ಕೀಮೋ ಔಷಧಿ ಹಾಗೇ ಬಿಡಿಯಾಗಿ, ಇನ್ನೊಂದು 100 ನ್ಯಾನೋಮೀಟರಿನ ಹಸಿರು ಹೊಳೆಯೋ ಕಣಗಳು, ಔಷಧಿ ಹೊತ್ತೊಯ್ಯೋ ನ್ಯಾನೋಕಣದ ಬದಲಿಗೆ ಅಂತ.

ತೊಂದ್ರೆ ಏನಂದ್ರೆ, ಮೈಕ್ರೋಸ್ಕೋಪಲ್ಲಿ ಫೋಟೋ ತೆಗೆದ್ರೆ ಮೆತ್ತನೆ ಜೆಲ್ ಮೇಲಿರೋ ಸೆಲ್‌ಗಳೇ ಜಾಸ್ತಿ ಹೊಳೀತಾವೆ, ಹಸಿರು ಕಣ ತುಂಬ್ಕೊಂಡು ಕೂತಿರೋ ಥರ. ಅದೇ ಸೆಲ್‌ಗಳನ್ನ ಟ್ರಿಪ್ಸಿನ್ ಹಾಕಿ ಎಬ್ಬಿಸಿ, ಒಂದೊಂದೇ ಸೆಲ್ಲಿನ ಹೊಳಪು ಅಳೆಯೋ ಫ್ಲೋ ಸೈಟೋಮೀಟರಿಗೆ ಕೊಟ್ರೆ ಉಲ್ಟಾ, ಗಟ್ಟಿ ಮೇಲ್ಮೈ ಮೇಲೆ ಬೆಳೆದ ಸೆಲ್ಲೇ ಜಾಸ್ತಿ ನುಂಗಿದೆ ಅನ್ನುತ್ತೆ. ಮೂರು ಸಲ ಮಾಡಿದೆ, ಮೂರು ಸಲನೂ ಹಿಂಗೇ. ಡಾಕ್ಸೊದಲ್ಲಂತೂ ಮೆತ್ತನೆ ಜೆಲ್ಲಿನ ಫೋಟೋ ಪೂರ್ತಿ ಮಬ್ಬು ಕೆಂಪು, ಸೆಲ್ ಯಾವುದು ಹಿನ್ನೆಲೆ ಯಾವುದು ಗೊತ್ತಾಗಲ್ಲ. ಗೈಡ್ ಕೇಳ್ತಾರೆ ಎರಡರಲ್ಲಿ ಯಾವುದು ಸರಿ ಅಂತ. ನಂಗೆ ಎರಡೂ ಸರಿಯಾಗೇ ಮಾಡಿದೀನಿ ಅನ್ಸುತ್ತೆ. ಔಷಧಿ ಅದೇ, ಡೋಸ್ ಅದೇ, ಸೆಲ್ ಅದೇ, ಕೆಳಗಿನ ನೆಲ ಮಾತ್ರ ಬೇರೆ, ಅಷ್ಟಕ್ಕೇ ಇಷ್ಟು ಬದಲಾಗುತ್ತಾ?

ಹಳೇಲ್ಯಾಬು:

ತಂಗಿ, ಮೊದಲು ಸಮಾಧಾನ ಮಾಡ್ಕೋ, ನಿನ್ನ ಎರಡು ಫಲಿತಾಂಶನೂ ಸರಿ ಇರಬಹುದು. ಅವೆರಡೂ ಒಂದೇ ಪ್ರಶ್ನೆಗೆ ಉತ್ತರ ಅಲ್ಲ, ಅಷ್ಟೇ. ಫ್ಲೋ ಹೇಳೋದು ಒಂದು ಇಡೀ ಸೆಲ್ ಎಷ್ಟು ನುಂಗಿತು ಅಂತ. ಫೋಟೋದಲ್ಲಿ ನಿನ್ನ ಕಣ್ಣು ನೋಡೋದು ಒಂದು ಚುಕ್ಕೆ ಜಾಗದಲ್ಲಿ ಎಷ್ಟು ಹೊಳಪು ಅಂತ. ಒಂದು ತಲೆ ಲೆಕ್ಕ, ಇನ್ನೊಂದು ಜಾಗದ ಲೆಕ್ಕ.

ಮನೇಲಿ ನೋಡು, ಅದೇ ಹಿಟ್ಟು ಅದೇ ಸೌಟು, ಹಂಚಿನ ಮೇಲೆ ಹೊಯ್ದ್ರೆ ದೋಸೆ, ಗುಳಿಗೆ ಹೊಯ್ದ್ರೆ ಪಡ್ಡು. ಗಟ್ಟಿ ಮೇಲ್ಮೈ ಮೇಲೆ ಸೆಲ್ ದೋಸೆ ಥರ ಹರಡ್ಕೊಳ್ಳುತ್ತೆ, ಮೆತ್ತನೆ ಜೆಲ್ ಮೇಲೆ ಪಡ್ಡು ಥರ ಗುಂಡಗೆ ಕೂರುತ್ತೆ. ಹರಡ್ಕೊಂಡಿರೋದಕ್ಕೆ ಮೀಡಿಯಾಗೆ, ಅಂದ್ರೆ ಸೆಲ್ ಮುಳುಗಿರೋ ಪೋಷಕ ದ್ರವಕ್ಕೆ, ತೆರೆದಿರೋ ಮೈ ಜಾಸ್ತಿ, ಹಾಗಾಗಿ ಒಟ್ಟು ಜಾಸ್ತಿ ಕಣ ಸಿಗುತ್ತೆ. ಆದ್ರೆ ಹರಡ್ಕೊಂಡಿರೋದರ ಪೊರೆ ಬಿಗಿಯಾಗಿರುತ್ತೆ. ಕಣ ಒಳಗೆ ಹೋಗ್ಬೇಕು ಅಂದ್ರೆ ಪೊರೆ ಬಾಗಿ ಅದನ್ನ ಸುತ್ಕೋಬೇಕು ತಾನೆ. ಬೀರುವಿಂದ ತೆಗೆದ ಸೀರೆಲಿ ಒಂದು ತೆಂಗಿನಕಾಯಿ ಸುತ್ತೋದು ಸುಲಭ, ಮಗ್ಗದ ಮೇಲೆ ಬಿಗಿದಿರೋ ಸೀರೆಲಿ ಸುತ್ತೋಕೆ ಹೋಗು, ಎಷ್ಟು ಎಳೀಬೇಕು. ಅದಕ್ಕೇ ಬಿಗಿ ಇದ್ದಷ್ಟೂ ಒಂದು ಚದರ ಮೈಕ್ರಾನಿಗೆ ಒಳಗೆ ಹೋಗೋ ಕಣ ಕಡಿಮೆ.

ಇದನ್ನೇ 2013ರಲ್ಲಿ ಒಂದು ಗುಂಪು ಹಸುವಿನ ಮಹಾಪಧಮನಿಯ ಒಳಪದರದ ಸೆಲ್‌ಗಳನ್ನ ನಿನ್ನ ಥರದ್ದೇ ಪಾಲಿಅಕ್ರಿಲಮೈಡ್ ಜೆಲ್ ಮೇಲೆ ಬೆಳೆಸಿ ತೋರಿಸಿದ್ರು. ಗಟ್ಟಿ ಜೆಲ್ ಮೇಲೆ ಸೆಲ್ ಒಂದಕ್ಕೆ ಒಟ್ಟು ಜಾಸ್ತಿ, ಪೊರೆಯ ಜಾಗಕ್ಕೆ ಲೆಕ್ಕ ಹಾಕಿದ್ರೆ ಕಡಿಮೆ. ನಿಂಗೆ ಬಂದಿರೋ ಗೊಂದಲ ಅಲ್ಲಿ ಫಲಿತಾಂಶ ಆಗಿದೆ. ಹರಡಿರೋ ಜಾಗ, ಪೊರೆಯ ಬಿಗಿತ, ಈ ಎರಡೇ ಮುಖ್ಯ ಅಂತ ಅವರ ಗಣಿತದ ಮಾದರಿನೂ ಹೇಳ್ತು.

ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಅವರ ಲ್ಯಾಬಿಂದ 2018ರಲ್ಲಿ ಬಂದ ಕೆಲಸನೂ ಹುಡುಕಿ ಓದು. ಸೆಲ್‌ಗಳನ್ನ ಹಿಗ್ಗುವ ಹಾಳೆ ಮೇಲೆ ಬೆಳೆಸಿ, ಎಳೆದು ಬಿಟ್ರು. ಬಿಟ್ಟ ಕೂಡ್ಲೇ ಪೊರೆ ಸಡಿಲ ಆಗುತ್ತಲ್ಲ, ಆಗ ಮಾಮೂಲಿ ನುಂಗೋ ದಾರಿಗೆ ಬೇಕಾಗೋ ಡೈನಮಿನ್, ಕ್ಲಾತ್ರಿನ್ ಅನ್ನೋ ಪ್ರೋಟೀನ್ ಎರಡೂ ಬೇಡದ ಒಂದು ದಾರಿ ಇದೆ, ಆ ದಾರಿ ಥಟ್ಟಂತ ಜೋರಾಗಿ ಸಡಿಲಾದ ಪೊರೆನ ಒಳಗೆ ಎಳ್ಕೊಳ್ಳುತ್ತೆ. ವಿಂಕ್ಯುಲಿನ್ ಅನ್ನೋ ಪ್ರೋಟೀನ್ ಇಲ್ಲದ ಸೆಲ್‌ಗಳಲ್ಲಿ ಈ ಪ್ರತಿಕ್ರಿಯೆನೇ ಬರಲ್ಲ. ವಿಂಕ್ಯುಲಿನ್ ಇರೋದು ಎಲ್ಲಿ, ಸೆಲ್ ಕೆಳಗಿನ ನೆಲಕ್ಕೆ ಕಾಲೂರಿರೋ ಜಾಗದಲ್ಲಿ. ಅಂದ್ರೆ ಕಾಲ ಕೆಳಗೆ ಏನಿದೆ ಅನ್ನೋದು ಬಾಯಿ ಎಷ್ಟು ತೆರೀಬೇಕು ಅನ್ನೋದಕ್ಕೆ ನೇರ ಸಂಬಂಧ ಇದೆ. ನಾನು ಇದನ್ನ ಮೊದಲ ಸಲ ಓದಿದಾಗ ಎಷ್ಟು ಖುಷಿಯಾಯ್ತು ಅಂದ್ರೆ ಅವತ್ತು ಕ್ಯಾಂಟೀನಲ್ಲಿ ಸಿಕ್ಕಿದವರಿಗೆಲ್ಲ ಹೇಳ್ತಿದ್ದೆ.

ಇನ್ನು ಪ್ಲಾಸ್ಟಿಕ್. ಅದರ ಗಡಸುತನ ಗಿಗಾಪಾಸ್ಕಲ್ ಲೆಕ್ಕ, ಆರೋಗ್ಯವಾಗಿರೋ ಸ್ತನದ ಅಂಗಾಂಶ 1 ಕಿಲೋಪಾಸ್ಕಲಿಗೂ ಕಡಿಮೆ, ಇಲಿಗಳ ಸ್ತನ ಗಡ್ಡೆಲಿ ಅಳೆದಿದ್ದು 4ರ ಆಸುಪಾಸು. ಹತ್ತಾರು ಲಕ್ಷ ಪಟ್ಟು ವ್ಯತ್ಯಾಸ. ಇಷ್ಟು ವರ್ಷ ಔಷಧಿಗಳನ್ನೆಲ್ಲ ಇಂಥ ಕಲ್ಲುಹಾಸಿನ ಮೇಲೆ ಕೂರಿಸಿದ ಸೆಲ್ ಮೇಲೇ ಪರೀಕ್ಷೆ ಮಾಡ್ತಾ ಬಂದಿದೀವಿ. ನಿನ್ನ ಮೂರು ಮೇಲ್ಮೈಲಿ ಮೈಗೆ ಹತ್ತಿರ ಇರೋದು ಆ ಗಿಣ್ಣೇ.

ಪಿಪೆಟ್‌ಪುಟ್ಟಸ್ವಾಮಿ:

ಹಳೇಲ್ಯಾಬು ಅಣ್ಣ ಹೇಳಿದ್ದಕ್ಕೆ ಎರಡು ಮೂರು ಸೇರಿಸ್ತೀನಿ, ನಾನೂ ಇದೇ ಜೆಲ್ ಜೊತೆ ಗುದ್ದಾಡಿದವನು.

ಮೇಡಂ, ನೀವು ಫೋಟೋದಲ್ಲಿ ಜಾಗ ಅಳೆಯೋದು ಮೇಲಿಂದ ಕಾಣೋ ನೆರಳನ್ನ ಮಾತ್ರ. ಚಪ್ಪಟೆ ಸೆಲ್ಲಿಗೆ ಅದು ಹೆಚ್ಚುಕಡಿಮೆ ಸರಿ, ಮೇಲಿನ ಮೈ ಅಷ್ಟೇ ಇರುತ್ತೆ. ಆದ್ರೆ ಪೂರ್ತಿ ಗುಂಡಾಗಿರೋ ಚೆಂಡಿನ ಹೊರಮೈ ಅದರ ನೆರಳಿನ ನಾಲ್ಕರಷ್ಟು ಇರುತ್ತೆ, ಹೈಸ್ಕೂಲಿನ ಲೆಕ್ಕ ಇದು. ಹಾಗಾಗಿ ನೆರಳಿಂದ ಭಾಗಿಸಿದ್ರೆ ಗುಂಡು ಸೆಲ್ ಸುಮ್ಮನೆ ನಾಲ್ಕು ಪಟ್ಟಿನವರೆಗೂ ಹೆಚ್ಚು ತಿಂದ ಹಾಗೆ ಕಾಣಬಹುದು, ಅದರಲ್ಲಿ ಪೊರೆಯ ಬಿಗಿತದ ಪಾತ್ರ ಏನೂ ಇಲ್ದೇನೂ. ಮಾಮೂಲಿ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಾದ್ರೆ ಕೆಳಗಿಂದ ಮೇಲಿನವರೆಗಿನ ಬೆಳಕೆಲ್ಲ ಒಂದೇ ಚುಕ್ಕೆಗೆ ಸೇರ್ಕೊಳ್ಳುತ್ತೆ, ದಪ್ಪಗಿರೋದು ತಾನಾಗೇ ಹೊಳೆಯುತ್ತೆ. ಕಾನ್‌ಫೋಕಲ್ ಮೈಕ್ರೋಸ್ಕೋಪ್ ಸಿಕ್ಕಿದ್ರೆ ಪೊರೆಗೆ ಬೇರೆ ಬಣ್ಣ ಹಾಕಿ ಪದರ ಪದರವಾಗಿ ತೆಗೆದು ನಿಜವಾದ ಮೈ ಅಳತೆ ಹಾಕಿ, ಆಮೇಲೆ ಭಾಗಿಸಿ.

4 ಡಿಗ್ರೀಲಿ ಒಂದು ಸೆಟ್ ಇಡಲೇಬೇಕು. ಆ ಚಳಿಲಿ ಎಂಡೋಸೈಟೋಸಿಸ್, ಅಂದ್ರೆ ಪೊರೆ ಸುತ್ಕೊಂಡು ನುಂಗೋದು, ನಿಂತುಬಿಡುತ್ತೆ, ಹಾಗಿದ್ದೂ ಹಸಿರು ಕಂಡ್ರೆ ಅದು ಹೊರಗೆ ಅಂಟ್ಕೊಂಡಿರೋ ಕಣ, ಅದನ್ನ ಕಳೀರಿ.

ಈಗ ಡಾಕ್ಸೊದ ಮಬ್ಬು ಕೆಂಪು. ಅದು ನಿಮ್ಮ ಜೆಲ್ ಕುಡಿದಿರೋ ಡಾಕ್ಸೊ ಅನ್ಸುತ್ತೆ ನಂಗೆ. ಜೆಲ್ ಅಂದ್ರೆ ಬಹುಪಾಲು ನೀರು, ಚಿಕ್ಕ ಅಣು ಅದರೊಳಗೆ ಆರಾಮಾಗಿ ನುಗ್ಗುತ್ತೆ. 12 ಮಿಲಿಮೀಟರ್ ಕವರ್‌ಸ್ಲಿಪ್ ಮೇಲೆ 15 ಮೈಕ್ರೋಲೀಟರ್ ಹಾಕಿದ್ರೆ ಜೆಲ್ 130 ಮೈಕ್ರಾನ್ ದಪ್ಪ ಬರುತ್ತೆ. ಬಾವಿಲಿ 500 ಮೈಕ್ರೋಲೀಟರ್ ಮೀಡಿಯಾ ಇದ್ರೆ ಇದು ಬರೀ ಶೇಕಡ 3, ಡೋಸ್ ಏನೂ ಕಮ್ಮಿ ಆಗಲ್ಲ. ಆದ್ರೆ ಫೋಟೋದಲ್ಲಿ ಕೆಲವೇ ಮೈಕ್ರಾನ್ ದಪ್ಪದ ಸೆಲ್ಲಿನ ಹಿಂದೆ 130 ಮೈಕ್ರಾನ್ ಕೆಂಪು ನೀರು ನಿಂತಿರುತ್ತೆ, ಮಬ್ಬಾಗದೆ ಇನ್ನೇನಾಗುತ್ತೆ. ಒಂದ್ಸಲ ಪಿಬಿಎಸ್ ಅನ್ನೋ ತೊಳೆಯೋ ಉಪ್ಪುನೀರು ಹಾಕಿ ಚೆಲ್ಲಿದ್ರೆ ಸಾಲದು, ತಣ್ಣಗಿರೋ ಪಿಬಿಎಸ್ ಐದೈದು ನಿಮಿಷದಂತೆ ಮೂರು ಸಲ ಬಿಡಿ. ಸೆಲ್ಲೇ ಹಾಕದ ಖಾಲಿ ಜೆಲ್ ಒಂದನ್ನ ಪ್ರತಿ ಪ್ಲೇಟಲ್ಲೂ ಇಡಿ.

ಇನ್ನೊಂದು, ಡಾಕ್ಸೊ ಡಿಎನ್‌ಎ ಒಳಗೆ ಸಿಕ್ಕಾಕ್ಕೊಂಡಾಗ ಅದರ ಹೊಳಪು ಕುಗ್ಗುತ್ತೆ. ಅಂದ್ರೆ ಕೆಲಸ ಮಾಡೋ ಜಾಗಕ್ಕೆ ತಲುಪಿದ ಔಷಧಿನೇ ಮಂಕಾಗಿ ಕಾಣುತ್ತೆ. ಆದ್ದರಿಂದ ಹೊಳಪು ನೋಡಿ ಇಷ್ಟು ಒಳಗೆ ಹೋಯ್ತು ಅಂತ ಬರೀಬೇಡಿ, ಸೆಲ್ ಒಡೆದು ಔಷಧಿ ಹೊರಗೆ ತೆಗೆದು ಬೇರ್ಪಡಿಸಿ ಅಳೆಯೋ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆದು ಬರೀರಿ.

ಹಳೇಲ್ಯಾಬು:

ಪುಟ್ಟಸ್ವಾಮಿ ಹೇಳಿದ ನೆರಳಿನ ಲೆಕ್ಕ ನೂರಕ್ಕೆ ನೂರು ಸರಿ, ನಾನು ಬರೆಯುವಾಗ ಹೊಳೀಲಿಲ್ಲ.

ತಂಗಿ, ಬಿಡಿ ಡಾಕ್ಸೊನೂ ಕಣನೂ ಒಂದೇ ಗ್ರಾಫಲ್ಲಿ ಹಾಕ್ಬೇಡ. ಡಾಕ್ಸೊ ಪೊರೆ ದಾಟೋದು ಬಹುಮಟ್ಟಿಗೆ ಸುಮ್ಮನೆ ಇಂಗಿ, ಅದನ್ನ ಯಾರೂ ಸುತ್ಕೊಂಡು ಒಳಗೆ ತರಬೇಕಿಲ್ಲ. ಹಾಗಾಗಿ ಬಿಗಿತ ಸಡಿಲದ ಆಟ ಕಣದಲ್ಲಿ ಕಾಣೋ ಅಷ್ಟು ಅದರಲ್ಲಿ ಕಾಣ್ಬೇಕು ಅಂತೇನಿಲ್ಲ. ಅದಕ್ಕೆ ಸುತ್ತಮುತ್ತಲಿನದ್ದು ಯಾವುದು ಮುಖ್ಯ ಅಂದ್ರೆ ಪಿಎಚ್. ಡಾಕ್ಸೊ ದುರ್ಬಲ ಪ್ರತ್ಯಾಮ್ಲ, ಪಿಕೆಎ, ಅಂದ್ರೆ ಅರ್ಧ ಅಣುಗಳಿಗೆ ಚಾರ್ಜ್ ಇರೋ ಪಿಎಚ್, ಸುಮಾರು 8.3. ಚಾರ್ಜ್ ಇಲ್ಲದ ರೂಪ ಮಾತ್ರ ಪೊರೆನ ಸಲೀಸಾಗಿ ದಾಟುತ್ತೆ. ಪಿಎಚ್ 7.4ರಲ್ಲಿ ಆ ರೂಪ ನೂರರಲ್ಲಿ 11 ಭಾಗ ಇದ್ರೆ, 6.5ಕ್ಕೆ ಇಳಿದಾಗ 2 ಭಾಗನೂ ಇರಲ್ಲ, ಬೇಕಾದ್ರೆ ಸೂತ್ರ ಹಾಕಿ ನೋಡು. ಗಡ್ಡೆಗಳ ಒಳಗೆ ಸೆಲ್‌ಗಳ ಹೊರಗಿನ ನೀರು ಹಿಂಗೇ ಹುಳಿ ಇರುತ್ತೆ. ನಿನ್ನ ಪ್ಲೇಟಲ್ಲೂ ಅಷ್ಟೇ, ಪ್ಲಾಸ್ಟಿಕ್ ಮೇಲೆ ಸೆಲ್ ಬೇಗ ತುಂಬ್ಕೊಂಡು ಮೀಡಿಯಾ ಹುಳಿಯಾಗಿ ಹಳದಿಗೆ ತಿರುಗಿರುತ್ತೆ, ಮೆತ್ತನೆ ಜೆಲ್ ಮೇಲೆ ಕಮ್ಮಿ ಸೆಲ್, ಅಲ್ಲಿನ ಮೀಡಿಯಾ ಇನ್ನೂ ಗುಲಾಬಿನೇ. ಔಷಧಿ ಹಾಕೋ ಮುಂಚೆ ಎರಡಕ್ಕೂ ಹೊಸ ಮೀಡಿಯಾ ಹಾಕು, ಸೆಲ್ ಎಣಿಸಿ ಸಮ ಮಾಡ್ಕೋ. ಸೆಲ್ ಕಮ್ಮಿ ಇದ್ದ ಕಡೆ ತಲೆಗೆ ಸಿಗೋ ಔಷಧಿ ಜಾಸ್ತಿ ಅನ್ನೋದೂ ನೆನಪಿರಲಿ.

ಮತ್ತೆ ಸೆಲ್ ಚಕ್ರ. 2012ರಲ್ಲಿ ಡಬ್ಲಿನ್ನಿನ ಒಂದು ಗುಂಪು ತೋರಿಸಿದ್ದು, ಎರಡಾಗಿ ಒಡೆಯೋಕೆ ತಯಾರಾಗಿ ನಿಂತ ಸೆಲ್‌ಗಳಲ್ಲಿ ಕಣ ಜಾಸ್ತಿ, ವಿಶ್ರಾಂತಿಲಿ ಇರೋದ್ರಲ್ಲಿ ಕಮ್ಮಿ ಅಂತ. ಮೆತ್ತನೆ ನೆಲದ ಮೇಲೆ ಸೆಲ್ ನಿಧಾನ ಬೆಳೆಯುತ್ತಲ್ಲ, ನಿನ್ನ ಫ್ಲೋ ವ್ಯತ್ಯಾಸದಲ್ಲಿ ಇದರ ಪಾಲು ಎಷ್ಟು ಅಂತ ಡಿಎನ್‌ಎ ಬಣ್ಣ ಹಾಕಿ ನೋಡಬಹುದು.

ಅಮ್ಮನಮಗ:

ಎಲ್ರಿಗೂ ನಮಸ್ಕಾರ, ನಾನು ಸೈನ್ಸ್ ಓದಿದವನಲ್ಲ, ತುಮಕೂರಲ್ಲಿ ಹಾರ್ಡ್‌ವೇರ್ ಅಂಗಡಿ. ಡಾಕ್ಸೊರುಬಿಸಿನ್ ಅಂತ ಹುಡುಕುವಾಗ ಈ ಚರ್ಚೆ ಸಿಕ್ತು. ನಮ್ಮಮ್ಮಂಗೆ ಎದೇಲಿ ಗಡ್ಡೆ, ಆಪರೇಷನ್ ಮುಂಚೆ ಕೀಮೋ ಕೊಡ್ತಿದಾರೆ, ಎರಡು ಸಲ ಆಗಿದೆ. ಆ ಕೆಂಪು ಔಷಧಿ ಸಿರಿಂಜಲ್ಲಿ ನಿಧಾನಕ್ಕೆ ಬಿಡ್ತಾರೆ, ಅವತ್ತು ಮೂತ್ರ ಕೂಡ ಕೆಂಪಗೆ ಹೋಗುತ್ತೆ ಅಂತ ಅಮ್ಮ ಹೆದರ್ಕೊಳ್ತಾರೆ. ಗಡ್ಡೆ ಮುಟ್ಟಿದ್ರೆ ಕಲ್ಲಿನ ಥರ ಇದೆ. ನೀವು ಹೇಳ್ತಿರೋದು ಓದಿದ್ರೆ ಗಟ್ಟಿ ಇದ್ರೆ ಔಷಧಿ ಒಳಗೆ ಹೋಗಲ್ಲ ಅನ್ನೋ ಥರ ಇದೆಯಲ್ಲ, ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಇನ್ನೊಂದು, ಹುಳಿ ಇದ್ರೆ ಔಷಧಿ ಹೋಗಲ್ಲ ಅಂದ್ರಿ, ವಾಟ್ಸಾಪಲ್ಲಿ ಅಡುಗೆ ಸೋಡಾ ಕುಡಿಸಿ ಅಂತ ಬಂದಿತ್ತು, ಅದು ಇದಕ್ಕೇನಾ?

ಧಾರವಾಡದಾಕಿ:

ತಮ್ಮಾ, ಮೊದ್ಲ ಒಂದ್ ಮಾತು. ಸೋಡಾ ಕುಡಿಸಬ್ಯಾಡ್ರಿ. ನಾ ಕ್ಯಾನ್ಸರ್ ವಾರ್ಡನ್ಯಾಗ ಕೆಲಸಾ ಮಾಡೋ ಡಾಕ್ಟರು, ಅದಕ್ಕ ಇಷ್ಟ್ ಗಟ್ಟಿಯಾಗಿ ಹೇಳಾಕತ್ತೀನಿ. ಇಲಿಗೆ ಬೈಕಾರ್ಬೊನೇಟ್ ಕೊಟ್ಟು ಗಡ್ಡಿ ಹುಳಿ ಇಳಿಸಿ ಡಾಕ್ಸೊರುಬಿಸಿನ್ ಛಲೋ ಕೆಲಸಾ ಮಾಡೋ ಹಂಗ ಮಾಡಿದ್ದು ಖರೇ ಅದ, 1999ರಾಗಿನ ಪ್ರಯೋಗ ಅದು. ಆದ್ರ ಇಲಿ ಇಲಿನ, ಮನುಷ್ಯಾರು ಅಷ್ಟ್ ಸೋಡಾ ದಿನಾ ಕುಡದ್ರ ಮೈಯಾಗಿನ ಸೋಡಿಯಂ ಪೊಟ್ಯಾಸಿಯಂ ಎಲ್ಲಾ ಏರುಪೇರು ಆಗ್ತದ, ಕಿಡ್ನಿಗೆ ತ್ರಾಸು, ಹೃದಯಕ್ಕ ತ್ರಾಸು, ಅದೂ ಹೃದಯಕ್ಕ ಭಾರ ಹಾಕೋ ಇದೇ ಔಷಧಿ ನಡದಾಗ. ಬ್ಯಾಡ.

ಮೂತ್ರ ಕೆಂಪಗಾಗೋದು ಔಷಧಿ ಬಣ್ಣ, ರಕ್ತ ಅಲ್ಲ, ಒಂದೆರಡ ದಿನದಾಗ ಹೋಗ್ತದ. ಅವ್ವಾರಿಗೆ ಧೈರ್ಯಾ ಹೇಳ್ರಿ.

ಈಗ ಗಟ್ಟಿ ಗಡ್ಡಿ ಮಾತು. ಕೈಗೆ ಕಲ್ಲ್ ಹಂಗ ಹತ್ತೋದು ಹೆಚ್ಚಾಗಿ ಸೆಲ್ ಅಲ್ಲ, ಅದರ ಸುತ್ತ ಹೆಣಕೊಂಡ ಕೊಲಾಜೆನ್ ನಾರು. ಔಷಧಿಗೆ ಅದು ದಾರ್ಯಾಗಿನ ಅಡ್ಡಿ ಅಷ್ಟ, ಮುಚ್ಚಿದ ಬಾಗಿಲ ಅಲ್ಲ. ರಕ್ತನಾಳದಿಂದ ದೂರ ಹೋದಂಗ ಔಷಧಿ ತೆಳ್ಳಗಾಗ್ತದ. ಇಲಿ ಗಡ್ಡಿಯೊಳಗ ಅಳದಾಗ ನಾಳದಿಂದ 40-50 ಮೈಕ್ರಾನ್ ದಾಟೂದ್ರಾಗ ಡಾಕ್ಸೊರುಬಿಸಿನ್ ಅರ್ಧಕ್ಕ ಇಳದಿತ್ತು, ಅಂದ್ರ ನಾಕೈದು ಸೆಲ್ ದೂರ. ಮತ್ತ ಗಡ್ಡಿಯೊಳಗಿನ ನೀರಿನ ಒತ್ತಡ ಹೊರಗಿನಕಿಂತ ಜಾಸ್ತಿ ಇರ್ತದ, ಆರೋಗ್ಯದ ಅಂಗಾಂಶದಾಗ ಅದು ಹೆಚ್ಚುಕಡಿಮಿ ಸೊನ್ನೆ. ಹಿಂಗಾಗಿ ನಾಳದಿಂದ ಔಷಧಿನ ಒಳಗ ತಳ್ಳೋ ಜೋರ ಕಮ್ಮಿ ಆಗ್ತದ. ಇವೆಲ್ಲಾ ಇದ್ದರೂ ಈ ಕೆಂಪು ಔಷಧಿಯಿಂದ ಗಡ್ಡಿ ಕರಗೋದು ನಾವು ದಿನಾ ನೋಡ್ತೀವಿ. ನಿಮ್ಮ ಡಾಕ್ಟರು ಪ್ರತಿ ಸಲ ಗಡ್ಡಿ ಅಳತಿ ತಗೋತಿರ್ತಾರ, ಕೇಳ್ರಿ ಅವರಿಗೆ, ಎಷ್ಟಿತ್ತು ಈಗ ಎಷ್ಟದ ಅಂತ. ಕೈಗೆ ಹತ್ತೋ ಗಟ್ಟಿತನಕಿಂತ ಆ ಅಳತಿ ನಂಬ್ರಿ.

ಲ್ಯಾಬಿನ ಹುಡುಗ್ರಿಗೂ ಒಂದ್ ಮಾತು ಹೇಳಬೇಕು. ಸುತ್ತಲಿನ ಬೇಲಿ ಕಿತ್ತರ ಔಷಧಿ ಹೋಗ್ತದ ಅನ್ನೋದು ಕೇಳಾಕ ಎಷ್ಟ್ ಸರಳ ಅನಸ್ತದ. ಮೇದೋಜೀರಕ ಗ್ರಂಥಿ ಕ್ಯಾನ್ಸರಿನ್ಯಾಗ ಹಯಲುರೋನನ್ ಅನ್ನೋ ಅಂಟು ಭಾಳ ಇರ್ತದ, ಅದನ್ನ ಕರಗಿಸೋ ಕಿಣ್ವ ಕೊಟ್ರ ಇಲಿಯೊಳಗ ಕುಗ್ಗಿದ್ದ ನಾಳ ತೆರದು ಕೀಮೋ ಛಲೋ ಹೋತು. ಅದೇ ಕಿಣ್ವನ ರೋಗಿಗಳಿಗೆ ಕೀಮೋ ಜೋಡಿ ಕೊಟ್ಟು ಮೂರನೇ ಹಂತದ ದೊಡ್ಡ ಪರೀಕ್ಷಾ ಮಾಡಿದ್ರು, ಹ್ಯಾಲೋ-301 ಅಂತ. 2019ರಾಗ ಫಲಿತಾಂಶ ಬಂತು, ಆಯುಷ್ಯ ಏನೂ ಹೆಚ್ಚಾಗಲಿಲ್ಲ. 2014ರಾಗ ಇಲಿಯೊಳಗ ಆ ಸುತ್ತಲಿನ ನಾರಿನ ಸೆಲ್‌ಗಳನ್ನ ತಗದ್ರ ಗಡ್ಡಿ ಇನ್ನೂ ಜೋರ ಆಗಿದ್ದೂ ಕಂಡಾರ. ನಾನು ಆ ಕಾಯಿಲೆ ರೋಗಿಗಳನ್ನ ನೋಡಾಕಿ, ಆ ಪರೀಕ್ಷಾದ ಮ್ಯಾಲ ಭಾಳ ಆಸೆ ಇಟ್ಟಿದ್ದೆ. ಅದಕ್ಕ ಹೇಳತೀನಿ, ಜೆಲ್ಲಿನ ಮ್ಯಾಲ ಕಂಡದ್ದು ಬರೀರಿ, ಆದ್ರ ಇದರಿಂದ ರೋಗಿಗೆ ಹಿಂಗ ಆಗ್ತದ ಅಂತ ಕೊನೀ ಸಾಲು ಹಾಕಬ್ಯಾಡ್ರಿ, ಇಂಥಾ ತಮ್ಮ ಓದ್ತಿರ್ತಾನ.

ಅಮ್ಮನಮಗ:

ಅಕ್ಕಾ ತುಂಬಾ ಥ್ಯಾಂಕ್ಸ್. ಸೋಡಾ ಪೊಟ್ಟಣ ತಂದು ಇಟ್ಟಿದ್ದೆ, ಅದು ಇಡ್ಲಿಗೆ ಇರಲಿ ಅಂತ ಅಡುಗೆಮನೆಗೆ ಕೊಟ್ಟೆ. ಇವತ್ತು ಡಾಕ್ಟರ್ ಹತ್ರ ಕೇಳಿದೆ, ಮೊದಲು 5 ಸೆಂಟಿಮೀಟರ್ ಇತ್ತು ಈಗ 3.5 ಅಂದ್ರು. ಕೈಗೆ ಮಾತ್ರ ಅಷ್ಟೇ ಗಟ್ಟಿ. ನೀವು ಮೊದಲೇ ಹೇಳಿದ್ದಕ್ಕೆ ಹೆದರಿಕೆ ಆಗ್ಲಿಲ್ಲ.

ಪಿಪೆಟ್‌ಪುಟ್ಟಸ್ವಾಮಿ:

ಒಳ್ಳೇ ಸುದ್ದಿ ಅಣ್ಣ, ಅಮ್ಮಂಗೆ ನಮ್ಮೆಲ್ಲರ ಕಡೆಯಿಂದ ನಮಸ್ಕಾರ ಹೇಳಿ.

ಡಾಕ್ಟರಕ್ಕ ಹೇಳಿದ್ದಕ್ಕೆ ಒಂದು ಅಂಕಿ ಸೇರಿಸ್ತೀನಿ. 2016ರಲ್ಲಿ ಟೊರಾಂಟೊದ ವಾರನ್ ಚಾನ್ ಅವರ ಗುಂಪು ಅದರ ಹಿಂದಿನ ಹತ್ತು ವರ್ಷದ ನ್ಯಾನೋಕಣದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ರು, ಪ್ರಾಣಿಗಳಿಗೆ ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಾಂಕ ಲೆಕ್ಕದಲ್ಲಿ ಶೇಕಡ 0.7. ನಾವು ಪ್ಲೇಟಲ್ಲಿ ಸೆಲ್ಲಿನ ತಲೆ ಮೇಲೇ ಕಣ ಸುರೀತೀವಿ, ಅಲ್ಲಿ ಅದು ಅಷ್ಟು ದೂರ ಬರೋದೇ ಕಷ್ಟ.

ಮಲೆನಾಡಹುಡುಗಿ (ಎರಡು ವಾರ ಆದ್ಮೇಲೆ):

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳೋದು ಗೊತ್ತಾಗ್ತಿಲ್ಲ. ಪುಟ್ಟಸ್ವಾಮಿ ಸರ್ ಹೇಳಿದ ಹಾಗೆ ಸೆಲ್ ಹಾಕದ ಖಾಲಿ ಜೆಲ್ಲಿಗೆ ಡಾಕ್ಸೊ ಕೊಟ್ಟು ಮಾಮೂಲಿ ಥರ ಒಂದ್ಸಲ ತೊಳೆದು ಬೆಳಕಿಗೆ ಹಿಡಿದೆ, ಬರಿಗಣ್ಣಿಗೇ ಕಾಣೋ ಹಾಗೆ ತಿಳಿ ಕೆಂಪು, ರಸ್ನಾ ಬಿದ್ದ ಮಂಜುಗಡ್ಡೆ ಥರ. ಮೂರು ಸಲ ತೊಳೆದ್ಮೇಲೆ ಹೋಯ್ತು. ನಾಲ್ಕು ತಿಂಗಳಿಂದ ಅದನ್ನೇ ಸೆಲ್ ಒಳಗಿನ ಔಷಧಿ ಅಂತ ಫೋಟೋ ತೆಗೀತಿದ್ದೆ. ಮೀಡಿಯಾ ಬದಲಿಸಿ ಸೆಲ್ ಸಮ ಮಾಡಿ ಮತ್ತೆ ಅಳೆದಾಗ ಡಾಕ್ಸೊದಲ್ಲಿ ಮೆತ್ತನೆಗೂ ಗಟ್ಟಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಉಳೀಲಿಲ್ಲ.

ಕಣದ್ದು ಉಳೀತು. ಪಕ್ಕದ ಡಿಪಾರ್ಟ್‌ಮೆಂಟಿನ ಕಾನ್‌ಫೋಕಲ್ಲಲ್ಲಿ ಎರಡು ರಾತ್ರಿ ಕೂತು ನಿಜವಾದ ಮೈ ಅಳತೆ ಹಾಕಿದೆ. ನೆರಳಿನ ಲೆಕ್ಕದಲ್ಲಿ ಕಂಡಷ್ಟು ದೊಡ್ಡ ಅಂತರ ಇಲ್ಲ, ಆದ್ರೂ ಜಾಗಕ್ಕೆ ಭಾಗಿಸಿದ್ರೆ ಮೆತ್ತನೆದೇ ಮುಂದೆ, ತಲೆಗೆ ಭಾಗಿಸಿದ್ರೆ ಗಟ್ಟಿದೇ ಮುಂದೆ. ಗೈಡಿಗೆ ಎರಡೂ ಕಾಲಂ ಅಕ್ಕಪಕ್ಕ ಹಾಕಿ ಕೊಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ ಈಗ ಬಿಗಿತನೇ ಕಾರಣ ಅಂತ ತೋರಿಸು ಅಂದ್ರು. ಪ್ಲಾಸ್ಟಿಕ್ ಮೇಲಿನ ಸೆಲ್ಲಿಗೆ ಬ್ಲೆಬಿಸ್ಟಾಟಿನ್ ಹಾಕಿ ಮಯೋಸಿನ್ ಎಳೆತ ನಿಲ್ಲಿಸಿ ಹಸಿರು ಕಣ ಕೊಡೋಣ ಅಂತಿದೀನಿ, ಸರಿನಾ?

ಹಳೇಲ್ಯಾಬು:

ಶಭಾಷ್ ತಂಗಿ! ಆದ್ರೆ ಬ್ಲೆಬಿಸ್ಟಾಟಿನ್ ನಿಲ್ಲಿಸು, ಆರ್ಡರ್ ಹಾಕಿದ್ರೆ ಕ್ಯಾನ್ಸಲ್ ಮಾಡು. ಅದು ತಾನೇ ಹಸಿರಾಗಿ ಹೊಳೆಯುತ್ತೆ, ಸಾಲದ್ದಕ್ಕೆ ನೀಲಿ ಬೆಳಕು ಬಿದ್ರೆ ಹಾಳಾಗಿ ಸೆಲ್ಲಿಗೆ ವಿಷ ಆಗುತ್ತೆ, ನಿನ್ನ ಹಸಿರು ಕಣ ನೋಡೋದೇ ನೀಲಿ ಬೆಳಕಲ್ಲಿ. ವೈ-27632 ತಗೋ, ಅದೂ ಮಯೋಸಿನ್ ಎಳೆತ ಸಡಿಲ ಮಾಡೋ ರಾಸಾಯನಿಕನೇ, ಸ್ಟೆಮ್ ಸೆಲ್ ಮಾಡೋರ ಫ್ರಿಜ್ಜಲ್ಲಿ ಇದ್ದೇ ಇರುತ್ತೆ, ಒಂದು ಚೂರು ಕೇಳಿ ಇಸ್ಕೋ. ಅದನ್ನ ಹಾಕಿದಾಗ ಸೆಲ್ಲಿನ ಆಕಾರನೂ ಬದಲಾಗುತ್ತೆ, ಹಾಗಾಗಿ ಮೈ ಅಳತೆ ಮತ್ತೆ ಹಾಕ್ಬೇಕು, ಕಾನ್‌ಫೋಕಲ್ ಇನ್ನೆರಡು ರಾತ್ರಿ ಈಗ್ಲೇ ಬುಕ್ ಮಾಡಿಡು.